ಮೂವತ್ತಾರು ಅಡಿ ಅಂದೆ

ನಾನು ಓದಿದ್ದು ತಮಿಳಿನಲ್ಲಿ. ಸಂಬಳ ಎಣಿಸಿದ್ದು ಇಂಗ್ಲಿಷ್ ರಿಜಿಸ್ಟರುಗಳ ದಯೆಯಿಂದ. ಮನೆಮಾತು ಕನ್ನಡವೇ ಆದರೂ ಅದರ ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಅದೂ ಹಟಕ್ಕೆ ಬಿದ್ದು. ಈ ಸಂಗತಿಯನ್ನು ತಮಿಳಿನಲ್ಲಿ ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ. ಅಕ್ಕ ಮಾತಾಡಿದ್ದು ಕನ್ನಡದಲ್ಲಿ. ಅವಳ ಮಾತನ್ನು ಬೇರೆ ಭಾಷೆಗೆ ತಂದರೆ ನನ್ನ ತಪ್ಪು ಒಂಚೂರು ಸಣ್ಣದಾಗಿ ಕಾಣುತ್ತಿತ್ತು. ಅಷ್ಟು ಉಪಕಾರವನ್ನು ನನಗೆ ನಾನೇ ಮಾಡಿಕೊಳ್ಳುವುದು ಬೇಡ ಅನ್ನಿಸಿತು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಧರ್ಮಪುರಿಯಲ್ಲಿ ನೆಲದಡಿಯ ನೀರಿನ ಸರ್ವೆ ಮಾಡುವ ಒಂದು ಪುಟ್ಟ ಆಫೀಸು. ಅಲ್ಲಿ ನಾನು ಲೆಕ್ಕದ ಗುಮಾಸ್ತ, ಜೊತೆಗೆ ಬಾವಿ ಅಳೆಯುವವನೂ ಹೌದು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡುವುದು, ಮೇಲೆತ್ತಿ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಬಾಯಿಯಿಂದ ನೀರು ಎಷ್ಟು ಅಡಿ ಕೆಳಗಿದೆ ಎಂದು ಬರೆದುಕೊಳ್ಳುವುದು. ನಲ್ಲಂಪಳ್ಳಿ ಸುತ್ತಿನ ಬಾವಿಗಳನ್ನೆಲ್ಲ ಹೀಗೆ ಅಳೆದೆ. ಸೈಕಲ್ಲು ಹೋಗುವಲ್ಲಿ ಸೈಕಲ್ಲು, ಇಲ್ಲದಲ್ಲಿ ಕಾಲು. ಕೆಲವರು ಬಾವಿಯ ಹತ್ತಿರ ಸೇರಿಸುತ್ತಿರಲಿಲ್ಲ. ಸರ್ಕಾರದವನು ನೀರು ಅಳೆದರೆ ನಾಳೆ ನೀರಿಗೂ ಕಂದಾಯ ಬರುತ್ತದೆ ಅಂತ ಅವರ ಗುಮಾನಿ. ಜಗಳಕ್ಕೆ ನಿಂತರೆ ನಾನೂ ಬಿಡುವವನಲ್ಲ. ಅವರ ಭಾಷೆಯಲ್ಲೇ ಬೈದು, ಅವರ ಮಜ್ಜಿಗೆಯನ್ನೇ ಕುಡಿದು, ಅಳೆದು ಬರುತ್ತಿದ್ದೆ.

ಅಳೆದದ್ದನ್ನು ನಕ್ಷೆ ಮಾಡಬೇಕಿತ್ತು. ಬಾವಿ ಇಲ್ಲದ ಜಾಗದಲ್ಲಿ ತೋಡಿದರೆ ಎಷ್ಟು ಅಡಿಗೆ ನೀರು ಎಂದು ನಕ್ಷೆ ಹೇಳಬೇಕು. ನಮ್ಮ ಆಫೀಸರು ತಂಜಾವೂರು ಕಡೆಯವರು, ಮೆಲು ಮಾತಿನ ಮನುಷ್ಯ. ಎಲ್ಲೋ ತರಬೇತಿಗೆ ಹೋಗಿ ಬಂದವರು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳ ಕಟ್ಟೊಂದನ್ನು ತಂದಿದ್ದರು. ಅದರ ಮೇಲೆ ಕ್ರಿಗಿಂಗ್ ಎಂದು ಬರೆದಿತ್ತು. ಗಣಿಗಳಲ್ಲಿ ಚಿನ್ನ ಹುಡುಕಲು ಹುಟ್ಟಿದ ಲೆಕ್ಕವಂತೆ. ಗೊತ್ತಿರುವ ಬಾವಿಗಳಿಂದ ಗೊತ್ತಿಲ್ಲದ ಜಾಗದ ಆಳವನ್ನು ಊಹಿಸುವುದು. ಹತ್ತಿರದ ಬಾವಿಯ ಮಾತಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಒಂದೇ ಕಡೆ ಗುಂಪು ಕಟ್ಟಿಕೊಂಡ ಬಾವಿಗಳು ಹೇಳುವುದು ಒಂದೇ ಮಾತಾದ್ದರಿಂದ ಅವುಗಳ ತೂಕ ಇಳಿಸುವುದು. ಕೊನೆಗೆ ಎರಡು ಸಂಖ್ಯೆ ಬರುತ್ತದೆ: ಒಂದು ನೀರಿನ ಆಳ, ಇನ್ನೊಂದು ಆ ಊಹೆ ಎಷ್ಟು ಅಡಿ ತಪ್ಪಬಹುದು ಅನ್ನುವುದು. ಹೇಳಲು ಸಲೀಸು. ಒಂದು ಜಾಗಕ್ಕೆ ಲೆಕ್ಕ ಹಾಕಲು ಏಳು ಸಮೀಕರಣಗಳನ್ನು ಹಿಡಿ ತಿರುಗಿಸುವ ಮಷೀನಿನಲ್ಲಿ ಬಿಡಿಸಬೇಕು. ನನ್ನ ಬಲಗೈ ತೋಳು ಊದಿಕೊಂಡಿತ್ತು.

ತೂಕ ಎಷ್ಟೆಂದು ತಿಳಿಯಲು ಮೊದಲು ಒಂದು ಗ್ರಾಫು ಬರೆಯಬೇಕಿತ್ತು. ಎರಡೆರಡು ಬಾವಿ ಹಿಡಿದು, ಅವುಗಳ ನಡುವೆ ದೂರ ಹೆಚ್ಚಿದಂತೆ ನೀರಿನ ಆಳದಲ್ಲಿ ವ್ಯತ್ಯಾಸ ಎಷ್ಟು ಹೆಚ್ಚುತ್ತದೆ ಎಂದು ಚುಕ್ಕಿ ಇಡುವುದು. ಗೆರೆ ಒಂದಷ್ಟು ಏರಿ ಆಮೇಲೆ ಮಟ್ಟಸವಾಗಬೇಕು ಎಂದು ಹಾಳೆಗಳಲ್ಲಿತ್ತು. ನಮ್ಮದು ಮಟ್ಟಸವಾಗಲೇ ಇಲ್ಲ, ಏರುತ್ತಲೇ ಹೋಯಿತು. ನಾನೇ ತಪ್ಪು ಮಾಡಿದೆನೆಂದು ಮೂರು ದಿನ ಕೂತು ಮತ್ತೆ ಬರೆದೆ. ಮತ್ತೂ ಏರಿತು. ತಲೆ ಕೆಟ್ಟು ಹೋಗಿ ಪೆನ್ಸಿಲ್ಲು ಎಸೆದೆ.

ಆಫೀಸರು ಗ್ರಾಫು ನೋಡಿ ನಕ್ಕರು. "ನೀನು ತಪ್ಪು ಮಾಡಿಲ್ಲಪ್ಪ. ಇಲ್ಲಿ ಟ್ರೆಂಡ್ ಇದೆ" ಎಂದು ತಮಿಳಿನಲ್ಲಿ ಹೇಳಿದರು. ಕೆಳಗಿನ ಹೊಲಗಳಿಂದ ಗುಡ್ಡದ ಕಡೆಗೆ ಹೋದಂತೆ ನೀರು ಒಂದೇ ಸಮನೆ ಆಳಕ್ಕೆ ಇಳಿಯುತ್ತದೆ. ಅದೇ ಟ್ರೆಂಡ್. ಅದಕ್ಕೆ ಎರಡು ದಾರಿ ಎಂದು ವಿವರಿಸಿದರು. ಒಂದು, ಆ ಇಳಿತವನ್ನು ಲೆಕ್ಕಕ್ಕೆ ತರದೆ ಅಕ್ಕಪಕ್ಕದ ಬಾವಿಗಳನ್ನಷ್ಟೇ ನಂಬುವ ಸಾದಾ ಲೆಕ್ಕ. ಇನ್ನೊಂದು, ಇಳಿತವನ್ನೂ ಒಳಗೆ ಸೇರಿಸಿಕೊಂಡು ಬಿಡಿಸುವ ಲೆಕ್ಕ. ಅದಕ್ಕೆ ಒಂಬತ್ತು ಸಮೀಕರಣ.

ಯಾವುದು ಸರಿ ಎಂದು ಪರೀಕ್ಷೆ ಮಾಡಿದೆವು. ಅಳೆದ ಒಂದು ಬಾವಿಯನ್ನು ಮುಚ್ಚಿಟ್ಟು, ಉಳಿದವುಗಳಿಂದ ಅದರ ಆಳವನ್ನು ಎರಡೂ ಬಗೆಯಲ್ಲಿ ಊಹಿಸಿ, ನಿಜವಾದ ಅಳತೆಯ ಜೊತೆ ಹೋಲಿಸುವುದು. ನಡುವಿನ ಬಾವಿಗಳಲ್ಲಿ ಎರಡು ಲೆಕ್ಕಕ್ಕೂ ಅರ್ಧ ಅಡಿಯ ವ್ಯತ್ಯಾಸವೂ ಬರಲಿಲ್ಲ. ಸುತ್ತ ನಾಲ್ಕೂ ಕಡೆ ಬಾವಿಗಳಿದ್ದರೆ ಅವೇ ಇಳಿತವನ್ನು ಹೇಳಿಬಿಡುತ್ತವೆ.

"ಅಂಚಿನಲ್ಲಿ ಮಾತ್ರ ಎರಡೂ ಜಗಳಕ್ಕೆ ಬೀಳುತ್ತವೆ" ಎಂದರು ಆಫೀಸರು. "ನಾವು ಸಾದಾ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಆದರೆ ನಕ್ಷೆಯ ಗೆರೆಯನ್ನು ಕೊನೆಯ ಬಾವಿಗೇ ನಿಲ್ಲಿಸು. ಅದರಾಚೆಗೆ ಒಂದಂಗುಲವೂ ಎಳೆಯಬೇಡ. ಅಲ್ಲಿ ಯಾರಾದರೂ ಇದ್ದಾರಾ?"

ಇದ್ದರು. ಕೊನೆಯ ಬಾವಿಯಿಂದ ಎರಡು ಮೈಲಿ ಮೇಲೆ, ಗುಡ್ಡದ ಬುಡದಲ್ಲಿ, ಹನ್ನೆರಡು ಮನೆಯ ಒಂದು ಹಟ್ಟಿ. ನನ್ನ ಅಕ್ಕನನ್ನು ಕೊಟ್ಟಿದ್ದು ಅಲ್ಲಿಗೆ. ನಾನು "ಯಾರೂ ಇಲ್ಲ ಸಾರ್, ಬರೀ ಕುರುಚಲು" ಅಂದೆ. ಯಾಕೆ ಹಾಗಂದೆನೋ. ಕುರಿ ಕಾಯುವ, ಕಂಬಳಿ ಹೊದ್ದವರ ಮನೆಯವನು ಎಂದು ಆಫೀಸಿನಲ್ಲಿ ತೋರಿಸಿಕೊಳ್ಳಲು ನನಗೆ ಆಗ ನಾಚಿಕೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹಟ್ಟಿಗೆ ಸ್ವಂತ ಬಾವಿ ಇರಲಿಲ್ಲ. ಕುರಿಗಳನ್ನು ಕೆಳಗಿನ ಹೊಲದವರ ಬಾವಿಗಳಿಗೆ ಹೊಡೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದರು. ಅದಕ್ಕೆ ಬದಲು ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುತ್ತಿದ್ದರು. ಕರೆಂಟು ಮೋಟರು ಬಂದ ಮೇಲೆ ಆ ಬಾವಿಗಳ ನೀರು ದಿನ ಬೆಳಗಾದರೆ ತಳ ಕಾಣತೊಡಗಿತು. ಒಬ್ಬೊಬ್ಬರಾಗಿ ಕುರಿಗಳನ್ನು ತಡೆದರು. ನನ್ನ ಭಾವ ತನ್ನ ಹಿತ್ತಲಿನ ಜಾಗ ಬಿಟ್ಟುಕೊಟ್ಟು, ಹಟ್ಟಿಯವರೇ ಸೇರಿ ಬಾವಿ ತೋಡುವುದು ಎಂದು ತೀರ್ಮಾನವಾಯಿತು. ನೀರು ಸಿಗದಿದ್ದರೆ ಹಟ್ಟಿ ಎತ್ತಿ ಇನ್ನೆಲ್ಲಿಗಾದರೂ ಹೋಗಬೇಕು, ಬೇರೆ ದಾರಿ ಇರಲಿಲ್ಲ.

ಅಕ್ಕ ಹೇಳಿ ಕಳಿಸಿದಳು: "ನೀರಿನ ಆಫೀಸಲ್ಲಿ ಅವ್ನಲ್ಲ, ಎಷ್ಟು ಅಡಿಗೆ ನೀರು ಐತೆ ಅಂತ ಕೇಳ್ಕೊಂಡು ಬರ್ಲಿ."

ಆಳ ಎಷ್ಟೆಂದು ಮೊದಲೇ ಗೊತ್ತಾಗಬೇಕಾದ್ದು ಹರಕೆ ಹೊರುವುದಕ್ಕಲ್ಲ. ನಮ್ಮ ಕಡೆ ಬಾವಿ ಚೌಕ. ಮೂವತ್ತು ನಲವತ್ತು ಅಡಿಯ ಬಾವಿಗೆ ಬಾಯಿ ಹನ್ನೆರಡು ಅಡಿ ಇದ್ದರೆ ಸಾಕು, ಗೋಡೆ ನೇರ ಇಳಿಸಬಹುದು. ಅರವತ್ತು ಅಡಿಗೆ ಹೋಗುವುದಾದರೆ ಬಾಯನ್ನು ಮೂವತ್ತು ಅಡಿ ತೆರೆಯಬೇಕು. ಇಳಿಯುತ್ತಾ ನಡುವೆ ಒಂದು ಆಳಗಲದ ಹಂತ ಬಿಟ್ಟು, ಅಲ್ಲಿಂದ ಒಳಗೆ ಕಿರಿದು ಮಾಡಿಕೊಂಡು ಹೋಗಬೇಕು. ಹಂತ ಇಲ್ಲದ ಆಳದ ಬಾವಿ ಕುಸಿಯುತ್ತದೆ. ಇದು ಹಟ್ಟಿಯ ಮಕ್ಕಳಿಗೂ ಗೊತ್ತು. ಅಂದರೆ ನಾನು ಹೇಳುವ ಸಂಖ್ಯೆಯೇ ಬಾವಿಯ ಬಾಯಿ ಎಷ್ಟಗಲ ಎಂದು ತೀರ್ಮಾನಿಸುತ್ತಿತ್ತು.

ಒಂದು ವಾರ ಊಟದ ಬಿಡುವಿನಲ್ಲೆಲ್ಲ ಕೂತು ಹಟ್ಟಿಯ ಜಾಗಕ್ಕೆ ಎರಡೂ ಲೆಕ್ಕ ಮಾಡಿದೆ. ಸಾದಾ ಲೆಕ್ಕ ಹೇಳಿತು: ಮೂವತ್ತಾರು ಅಡಿ, ಐದು ಅಡಿ ಹೆಚ್ಚು ಕಡಿಮೆ. ಇಳಿತ ಸೇರಿಸಿದ ಲೆಕ್ಕ ಹೇಳಿತು: ಅರವತ್ತೊಂದು ಅಡಿ, ಹದಿನಾರು ಅಡಿ ಹೆಚ್ಚು ಕಡಿಮೆ. ಎರಡು ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದು ಐದಡಿ ತಪ್ಪಬಹುದು ಅನ್ನುತ್ತದೆ, ಇನ್ನೊಂದು ಹದಿನಾರು ಅಡಿ. ಯಾರಿಗಾದರೂ ಮೊದಲಿನದೇ ಗಟ್ಟಿ ಅನ್ನಿಸುತ್ತದೆ. ಇಳಿತ ಇದೆ ಎಂಬುದೇ ತಿಳಿಯದ ಲೆಕ್ಕಕ್ಕೆ ತಾನು ತಪ್ಪುತ್ತಿದ್ದೇನೆ ಎಂದೂ ತಿಳಿಯುವುದಿಲ್ಲ, ಅದಕ್ಕೇ ಅಷ್ಟು ಧೈರ್ಯ. ಇದು ನನ್ನ ಬುದ್ಧಿಗೆ ಆಗಲೇ ಹೊಳೆದಿತ್ತು. ಸುಳ್ಳು ಹೇಳಿ ಏನು ಪ್ರಯೋಜನ. ಆಫೀಸರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಕೇಳಬೇಕೆಂದರೆ ಹಟ್ಟಿ ಇದೆ ಎಂದು ಒಪ್ಪಿಕೊಳ್ಳಬೇಕಿತ್ತು.

ಭಾನುವಾರ ಹಟ್ಟಿಗೆ ಹೋದೆ. ಬೇವಿನ ಮರದ ಕೆಳಗೆ ಕರಿ ಕಂಬಳಿ ಹಾಸಿದ್ದರು. ನಮ್ಮವರಲ್ಲಿ ಕಂಬಳಿ ಹಾಸಿದರೆ ಅದು ಮಾತು ಕೊಡುವ ಜಾಗ. ಕುರಿ ಪಾಲಾಗಲಿ, ಹೆಣ್ಣು ಕೊಡುವುದಾಗಲಿ, ಅಲ್ಲಿ ಕೂತವನು ಒಂದೇ ಮಾತು ಆಡಬೇಕು. ಹೀಗಾದರೂ ಆಗಬಹುದು, ಹಾಗಾದರೂ ಆಗಬಹುದು ಅಂದವನನ್ನು ಎಬ್ಬಿಸಿ ಕಳಿಸುತ್ತಾರೆ. ಅವನನ್ನು ಮತ್ತೆ ಯಾವ ಮಾತಿಗೂ ಕರೆಯುವುದಿಲ್ಲ. ನನ್ನ ವಯಸ್ಸಿನವರನ್ನು ಅಲ್ಲಿ ಕೂರಿಸುವುದೇ ಇಲ್ಲ. ಅವತ್ತು ಹಟ್ಟಿಯ ಹಿರಿಯ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದ. ನನ್ನ ಎದೆ ಉಬ್ಬಿತು.

"ಏಳಪ್ಪ, ಎಷ್ಟು ಅಡಿಗೆ ಐತೆ?" ಅಂತ ಆ ಹಿರಿಯ ಕೇಳಿದ.

ಎರಡು ಹಾಳೆಗಳೂ ಜೇಬಿನಲ್ಲಿದ್ದವು. ಕಂಬಳಿಯ ಮೇಲೆ ಎರಡು ಸಂಖ್ಯೆ ಹೇಳುವುದು ಹೇಗೆ? ಅರವತ್ತೊಂದು ಅಂದರೆ ಇಷ್ಟು ಜನ ಮೂವತ್ತಡಿ ಬಾಯಿ ತೆರೆದು ತೋಡಲಾರರು, ಹಟ್ಟಿ ಎತ್ತಿಬಿಡುತ್ತಾರೆ, ಅಕ್ಕ ಎಲ್ಲಿಗೋ ಹೋಗುತ್ತಾಳೆ. ಮೂವತ್ತಾರು ಅಂದರೆ ಎಲ್ಲರ ಮುಖ ಅರಳುತ್ತದೆ. ಮುಖ ಅರಳಿಸುವ ಆಸೆ ನನಗಿತ್ತು.

"ಮೂವತ್ತಾರು ಅಡಿ" ಅಂದೆ.

ಭಾವ ಕಂಬಳಿಯ ಅಂಚಿನಲ್ಲಿ ಕೂತಿದ್ದ. ಅಕ್ಷರ ತಿಳಿಯದ ಮನುಷ್ಯ. ಬೀಡಿ ಕೆಳಗಿಟ್ಟು ಕೇಳಿದ: "ಅಲ್ಲಲಾ ಬಾಮೈದ, ಕೆಳಗ್ಲೋರ ಬಾವೀಲೇ ಮೂವತ್ತೆಂಟು ಐತಲ್ಲ. ಮೇಲಕ್ಕೆ ಓದಂಗೆಲ್ಲ ನೀರು ಕೆಳಿಕ್ಕೆ ಓಯ್ತದೆ. ಇಲ್ಲಿ ಇನ್ನೂ ಆಳಕ್ಕೆ ಓಗ್ಬೇಕಲ್ವಾ?"

ಆಫೀಸರು ಮೂರು ದಿನದ ಗ್ರಾಫು ನೋಡಿ ಹೇಳಿದ್ದನ್ನು ಅವನು ಕುರಿ ಹಿಂದೆ ನಡೆದೇ ಕಂಡುಕೊಂಡಿದ್ದ. ನನಗೆ ಮೈ ಉರಿದುಹೋಯಿತು. ಅಷ್ಟು ಜನರೆದುರು ಕಂಬಳಿಯ ಮೇಲೆ ನನ್ನ ಮಾತನ್ನು ಎತ್ತಿ ಆಡಿದನಲ್ಲ ಎಂದು.

"ಬಾವ, ಇದು ಮಷೀನು ಕಣಕ್ಕು, ಮಷೀನ್ ಆಕಿದ ಲೆಕ್ಕ. ಬೀಡಿ ಸೇದ್ಕೊಂಡು ಮಾಡೋದಲ್ಲ" ಅಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ. "ಓದ್ದೋನು ಏಳ್ತಾವ್ನೆ, ಸರಿ ಬುಡು" ಅಂದು ಬೀಡಿ ಎತ್ತಿಕೊಂಡ. ಹನ್ನೆರಡು ಅಡಿ ಬಾಯಿ ಸಾಕು ಎಂದು ಅಲ್ಲೇ ನಿರ್ಧಾರವಾಯಿತು.

ಮಾಗಿ ಮುಗಿಯುವ ಹೊತ್ತಿಗೆ ತೋಡಲು ಶುರುಮಾಡಿದರು. ಮೇಲೆ ಕೆಂಪು ಮಣ್ಣು, ಕೆಳಗೆ ಪುಡಿಗಲ್ಲಿನ ಸಡಿಲ ಪದರ. ಕಡಪಾರೆಯಲ್ಲಿ ಅಗೆದು, ಬುಟ್ಟಿಗೆ ತುಂಬಿ, ರಾಟೆಯಲ್ಲಿ ಮೇಲೆಳೆದು, ಬಾಯಿಯ ಪಕ್ಕದಲ್ಲೇ ಸುರಿದರು. ಇನ್ನೇನು ಮುಗಿಯುತ್ತದಲ್ಲ, ದೂರ ಹೊರುವುದೇಕೆ ಎಂದು. ನಾನು ತಿಂಗಳಿಗೆರಡು ಸಲ ಹೋಗಿ ಟೇಪು ಬಿಟ್ಟು ನೋಡುತ್ತಿದ್ದೆ. ಇಪ್ಪತ್ತೆಂಟು. ಮೂವತ್ತೆರಡು. ಮೂವತ್ತಾರು. ಮೂವತ್ತಾರಕ್ಕೆ ಪುಡಿಗಲ್ಲು ಒಣಗಿತ್ತು.

ಆಗ ಜೇಬಿನ ಮೊದಲ ಹಾಳೆಯ ಎರಡನೇ ಸಂಖ್ಯೆಯನ್ನು ಹೊರತೆಗೆದೆ. "ಐದಡಿ ಎಚ್ಚು ಕಮ್ಮಿ ಇರ್ತೈತೆ ಬಾವ" ಅಂದೆ. ಅವರು ಮತ್ತೆ ಕಡಪಾರೆ ಎತ್ತಿಕೊಂಡು ಇಳಿದರು. ನಲವತ್ತೊಂದಕ್ಕೂ ನೀರಿಲ್ಲ. ಬರೀ ತಂಪು.

ನಲವತ್ತೊಂದು ಮುಟ್ಟಿದ ಭಾನುವಾರ ಭಾವ ಬಾವಿಯಿಂದ ಮೇಲೆ ಬಂದು, ಕೈಯಲ್ಲಿದ್ದ ಒದ್ದೆ ಪುಡಿಯನ್ನು ನನ್ನ ಅಂಗೈಗೆ ಹಾಕಿದ. "ನೋಡ್ಲಾ, ತಣ್ಣಗೈತೆ. ಇನ್ನೊಂದಾಳುದ್ದ ಇಳುದ್ರೆ ಸಿಕ್ಬುಡ್ತದೆ. ಏನಂತೀಯಾ?" ಅಂದ. ನನ್ನನ್ನು ಕೇಳಿದ. ಬೇಡ ಬಾವ, ನನ್ನ ಹತ್ತಿರ ಇನ್ನೊಂದು ಲೆಕ್ಕ ಇದೆ, ಅರವತ್ತೊಂದು ಅನ್ನುತ್ತದೆ, ಈ ಬಾಯಿಗೆ ಅಷ್ಟು ಇಳಿಯಬಾರದು, ನಿಲ್ಲಿಸಿ ಅಗಲ ಮಾಡಿ. ಅಷ್ಟು ಹೇಳಬೇಕಿತ್ತು, ಅಷ್ಟೇ. ಆದರೆ ಅದನ್ನು ಹೇಳಿದರೆ, ಮೊದಲೇ ಗೊತ್ತಿದ್ದೂ ಮುಚ್ಚಿಟ್ಟೆ ಎಂದಾಗುತ್ತಿತ್ತು.

"ಆಗ್ಲಿ, ಇಳೀರಿ" ಅಂದೆ.

ಬುಧವಾರ ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಹಟ್ಟಿಯ ಒಬ್ಬ ಮುದುಕ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕಾಲು ಮೊಣಕಾಲಿನವರೆಗೆ ಕೆಂಪು ಮಣ್ಣು. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ನಲವತ್ತನಾಲ್ಕು ಅಡಿಯಲ್ಲಿ ಭಾವ ಅಗೆಯುತ್ತಿದ್ದಾಗ ಮೇಲೆ ಸುರಿದಿದ್ದ ಮಣ್ಣಿನ ಭಾರಕ್ಕೆ ಒಂದು ಪಕ್ಕದ ಗೋಡೆ ಪೂರ್ತಿ ಒಳಗೆ ಬಂದಿತ್ತು. ಜೊತೆಯಲ್ಲಿದ್ದವನು ಹಗ್ಗ ಹಿಡಿದುಕೊಂಡು ಉಳಿದ. ಭಾವನನ್ನು ತೆಗೆಯಲು ಮರುದಿನ ಮಧ್ಯಾಹ್ನವಾಯಿತು. ತೆಗೆದಾಗ ಅವನು ನಿಂತೇ ಇದ್ದ. ಬಾಯಿ ತುಂಬ ಮಣ್ಣಿತ್ತು. ಅದನ್ನು ನಾನು ಬೆರಳಿನಿಂದ ತೆಗೆದೆ.

ಪೊಲೀಸಿನವನು ಬಂದು ಬರೆದುಕೊಂಡು ಹೋದ. ಹಟ್ಟಿಯಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅವನ ಅಣೇಲಿ ಬರ್ದಿದ್ದು, ಅಂದರು. ಹಣೆಯಲ್ಲಿ ಬರೆದದ್ದಲ್ಲ, ನನ್ನ ಜೇಬಿನಲ್ಲಿ ಬರೆದಿತ್ತು. ಹದಿಮೂರು ದಿನವೂ ನಾನು ಅವರ ಜೊತೆ ಕೂತು ಮುದ್ದೆ ತಿಂದೆ.

ರಜೆ ಮುಗಿಸಿ ಹೋದ ದಿನ ಎರಡೂ ಹಾಳೆಗಳನ್ನು ಆಫೀಸರ ಮೇಜಿನ ಮೇಲಿಟ್ಟೆ. ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು, "ಅಂಗೆ ಆಳ್ ಇರುಕ್ಕಾಂಗನ್ನು ಯೇನ್ ಸೊಲ್ಲಲೆ?" ಎಂದರು. ಅಲ್ಲಿ ಜನ ಇದ್ದಾರೆ ಅಂತ ಯಾಕೆ ಹೇಳಲಿಲ್ಲ? ಅವರ ಕಣ್ಣಲ್ಲಿ ನೀರು ಬಂದಿತ್ತು, ನನಗೆ ಬರಲಿಲ್ಲ.

ಹಟ್ಟಿಗೆ ನೀರಿನ ಅಗತ್ಯ ಭಾವನ ಜೊತೆ ಮಣ್ಣಾಗಲಿಲ್ಲ. ಆರು ತಿಂಗಳಾದ ಮೇಲೆ ಮತ್ತೆ ಕಂಬಳಿ ಹಾಸಿದರು. ಅದೇ ಬಾವಿ ಮುಂದುವರಿಸುವುದೋ, ಹಟ್ಟಿ ಎತ್ತುವುದೋ. ಮತ್ತೆ ನನ್ನನ್ನೇ ಕರೆದರು. ನಾನು ಕಂಬಳಿಯ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು, ಎರಡು ಹಾಳೆಗಳನ್ನೂ ತೆಗೆದು, ಎಲ್ಲ ಹೇಳಿದೆ. ಒಂದು ಲೆಕ್ಕ ಮೂವತ್ತಾರು ಅಂದಿತ್ತು, ಇನ್ನೊಂದು ಅರವತ್ತೊಂದು ಅಂದಿತ್ತು. ಅರವತ್ತೊಂದು ಅಂದರೆ ನಲವತ್ತೈದೂ ಆಗಬಹುದು, ಎಪ್ಪತ್ತೇಳೂ ಆಗಬಹುದು, ಇನ್ನೂ ಆಚೆಗೂ ಹೋಗಬಹುದು. ಸರಿಯಾಗಿ ಎಷ್ಟೆಂದು ನನಗೆ ಗೊತ್ತಿಲ್ಲ. ಮೊದಲ ದಿನ ಈ ಎರಡೂ ನನ್ನ ಜೇಬಿನಲ್ಲಿದ್ದವು.

ಯಾರೂ ನನ್ನನ್ನು ಎಬ್ಬಿಸಿ ಕಳಿಸಲಿಲ್ಲ. ಹಿರಿಯ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚುತ್ತಾ ಕೂತ. ಗಂಡಸರ ಸಾಲಿನ ಹಿಂದೆ, ಗುಡಿಸಲಿನ ಕಂಬ ಹಿಡಿದುಕೊಂಡು ಅಕ್ಕ ನಿಂತಿದ್ದಳು. ಕೂಗಾಡಿದರೆ ಸಾಕಪ್ಪ ಎಂದು ನಾನು ಕಾದೆ. ಅವಳು ಲೆಕ್ಕ ಒಪ್ಪಿಸುವವಳ ಹಾಗೆ ಮೆಲ್ಲಗೆ ಹೇಳಿದಳು:

"ಇದ್ನ ಅವತ್ತೇ ಏಳಿದ್ರೆ ಅವ್ರು ಬಾಯಿ ಅಗಲ ತೆಗೀತಿದ್ರು ಕಣ್ಲಾ ತಮ್ಮ. ಅಟ್ಟಿ ಬುಟ್ಟು ಯಾರೂ ಓಯ್ತಿರ್ಲಿಲ್ಲ. ನಾವು ಇಲ್ಲೇ ಇರ್ತಿದ್ವು, ಒಂದು ವರ್ಷ ಜಾಸ್ತಿ ಅಗೀತಿದ್ವು. ಅಷ್ಟೇಯ."

ಹಟ್ಟಿ ಎತ್ತಿಬಿಡುತ್ತಾರೆ ಎಂದು ನಾನೇ ಅವರ ಪರವಾಗಿ ನಿರ್ಧರಿಸಿದ್ದೆ. ಅವರನ್ನು ಕೇಳಿರಲಿಲ್ಲ.

ಅವಳು ಹೇಳಿದಂತೆಯೇ ಆಯಿತು. ಸುರಿದ ಮಣ್ಣನ್ನೆಲ್ಲ ದೂರ ಹೊತ್ತು ಹಾಕಿದರು, ಬಾಯನ್ನು ಮೂವತ್ತಡಿ ಮಾಡಿದರು, ಹಂತ ಬಿಟ್ಟು ಇಳಿದರು. ಹೆಂಗಸರೂ ಬುಟ್ಟಿ ಹೊತ್ತರು. ರಜೆ ಸಿಕ್ಕಾಗಲೆಲ್ಲ ನಾನೂ ಹೋಗಿ ಹೊತ್ತೆ. ಒಂದು ವರ್ಷಕ್ಕೆ ಎರಡು ತಿಂಗಳು ಹೆಚ್ಚೇ ಹಿಡಿಯಿತು. ಕೊನೆಗೆ ನೀರು ಬಂತು.

ನೀರು ನಿಂತ ಮೇಲೆ ಅಕ್ಕ ಹೇಳಿ ಕಳಿಸಿದಳು, ಬಂದು ಅಳೆದುಕೊಡು ಅಂತ. ಟೇಪಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟೆ. ಅವಳು ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತಳು. ಮೇಲೆತ್ತಿ ಓದಿದೆ.

"ಅರವತ್ಮೂರು ಅಡಿ ಅಕ್ಕ" ಅಂದೆ.

"ಎಷ್ಟು ಎಚ್ಚು ಕಮ್ಮಿ?"

"ಇದು ಅಂದಾಜಲ್ಲ ಅಕ್ಕ. ಟೇಪು ಬಿಟ್ಟು ಅಳ್ದಿದ್ದು. ನೀನೇ ನೋಡ್ದಲ್ಲ."

ಅವಳು ಒದ್ದೆ ಟೇಪನ್ನು ಕೈಯಲ್ಲಿ ಹಿಡಿದು, ಓದಲು ಬಾರದ ಆ ಗೆರೆಗಳನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ.

"ಇರ್ಲಿ ತಮ್ಮ. ಇನ್ನೊಂದ್ನೂ ಏಳ್ಬುಡು" ಅಂದಳು.

ಇನ್ನೊಂದು ಇರಲಿಲ್ಲ. ಇಲ್ಲ ಎಂದು ಎಷ್ಟು ಹೇಳಿದರೂ ಅವಳು ನನ್ನ ಜೇಬನ್ನೇ ನೋಡುತ್ತಾ ಕೂತಿದ್ದಳು.